ಸಂಪಾದಕರ ಉತ್ತರ: ಎಂಟು ಸೀಸನ್ ನೋಡಿದ ಮೇಲೆ ಪುಸ್ತಕ ಯಾಕೆ?

ಸಾಗರದ ಓದುಗರೊಬ್ಬರ ಪತ್ರ: “ಸಂಪಾದಕರೇ, ಈ ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೆಲ್ಲ ಕೂತು ಗೇಮ್ ಆಫ್ ಥ್ರೋನ್ಸ್ ಸೀರೀಸ್ ಪೂರ್ತಿ ನೋಡಿ ಮುಗಿಸಿದೆ. ನಿಮ್ಮ ಪತ್ರಿಕೆ ತರಿಸುವ ನಮ್ಮ ಚಿಕ್ಕಪ್ಪ, ‘ಕಾದಂಬರಿ ಓದದೆ ಅದನ್ನು ನೋಡಿದ್ದು ದಂಡ’ ಎಂದುಬಿಟ್ಟರು. ಹಟಕ್ಕೆ ಬಿದ್ದು ಮೊದಲ ಪುಸ್ತಕ ಕೊಂಡೆ. ಅರ್ಧಕ್ಕೇ ನಿಂತಿತು. ಯಾರ ಬಾವುಟದಲ್ಲಿ ಯಾವ ಪ್ರಾಣಿ, ಊಟಕ್ಕೆ ಏನೇನಿತ್ತು, ಪುಟಗಟ್ಟಲೆ ಇದೇ. ಸೀರೀಸ್‌ನಲ್ಲಿ ಒಂದು ನೋಟಕ್ಕೆ ತಿಳಿಯುವುದಕ್ಕೆ ಇಲ್ಲಿ ಹತ್ತು ಪುಟ. ಸಾಲದ್ದಕ್ಕೆ ಲೇಖಕರು ಕಥೆಯನ್ನು ಮುಗಿಸಿಯೇ ಇಲ್ಲವಂತೆ. ಸೀರೀಸ್ ಆದರೂ ಮುಗಿಯಿತು. ಕಥೆ ಎರಡರಲ್ಲೂ ಅದೇ ಅಲ್ವಾ? ಓದದವರು ಕಳೆದುಕೊಂಡಿದ್ದೇನು? ದಯವಿಟ್ಟು ಹೆಸರು ಹಾಕಬೇಡಿ. ವರ್ಕ್ ಫ್ರಮ್ ಹೋಮ್ ಅಂದ್ರೆ ಇದೇನಾ ಎಂದು ಮನೆಯಲ್ಲಿ ಕೇಳುತ್ತಾರೆ.”

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಚಿಕ್ಕಪ್ಪನವರಿಗೆ ನನ್ನದೊಂದು ನಮಸ್ಕಾರ ಮುಟ್ಟಿಸಿ. ನಮಗೆ ಬರುವ ಪತ್ರಗಳಲ್ಲಿ ಅಡಿಕೆಯ ಎಲೆಚುಕ್ಕಿ ರೋಗ, ಮಂಗನ ಕಾಯಿಲೆ, ರಸ್ತೆ ಗುಂಡಿ, ಇವೇ ಜಾಸ್ತಿ. ಅವುಗಳ ನಡುವೆ ಒಂದು ಡ್ರ್ಯಾಗನ್ ಬಂದದ್ದು ಸಂತೋಷ. ಅದೂ ಜಗಳಕ್ಕೆ ಬಂದದ್ದು ಇನ್ನೂ ಸಂತೋಷ.

ಸೀರೀಸ್‌ಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. 2011ರ ಏಪ್ರಿಲ್‌ನಿಂದ 2019ರ ಮೇ ತನಕ 73 ಕಂತು ಬಂತು. ಅಮೆರಿಕದ ಟಿವಿ ರಂಗದ ದೊಡ್ಡ ಪ್ರಶಸ್ತಿಯಾದ ಎಮ್ಮಿ 59 ಸಲ ಸುಮ್ನೆ ಬರುವುದಿಲ್ಲ. ಮೊದಲ ಸೀಸನ್‌ನಲ್ಲಿ ರಾಜ ರಾಬರ್ಟ್, ರಾಣಿ ಸೆರ್ಸಿ ಇಬ್ಬರೇ ಕೂತು ತಮ್ಮ ಹಳಸಿದ ಸಂಸಾರದ ಬಗ್ಗೆ ಮಾತಾಡುವ ದೃಶ್ಯ ಇದೆಯಲ್ಲ, ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಹ್ಯಾರನ್‌ಹಾಲ್ ಕೋಟೆಯಲ್ಲಿ ಸ್ಟಾರ್ಕರ ಹುಡುಗಿ ಆರ್ಯಾ, ಸೆರ್ಸಿಯ ಅಪ್ಪ ಟೈವಿನ್‌ನ ಸೇವಕಿಯಾಗಿರುವುದೂ ಟಿವಿಯವರ ಜೋಡಣೆ. ಪುಸ್ತಕದಲ್ಲಿ ಅವಳು ಅಲ್ಲಿ ಬಡಿಸುವುದು ರೂಸ್ ಬೋಲ್ಟನ್‌ಗೆ. ಬದಲಾಯಿಸಿದ್ದು ಒಳ್ಳೆಯದೇ ಆಯಿತು. ಸರಿ, ಸೀರೀಸ್‌ನ ಲೆಕ್ಕ ಚುಕ್ತಾ.

ಈಗ ನಿಮ್ಮ ‘ಕಥೆ ಅದೇ ಅಲ್ವಾ’ ಎಂಬ ಮಾತಿಗೆ ಬರೋಣ. ಅದೇ ಅಲ್ಲ ಮಾರಾಯ್ರೇ. ಘಟನೆ ಅದೇ ಇರಬಹುದು.

ಈ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಪುಸ್ತಕಗಳಲ್ಲಿ ಅಧ್ಯಾಯಕ್ಕೆ ಮನುಷ್ಯರ ಹೆಸರಿಡುತ್ತಾರೆ, ನೀವೂ ಗಮನಿಸಿರುತ್ತೀರಿ. ಬ್ರಾನ್, ಕ್ಯಾಟ್ಲಿನ್, ಟಿರಿಯನ್. ಅಧ್ಯಾಯ ಮುಗಿಯುವ ತನಕ ನಾವು ಆ ಒಬ್ಬರ ತಲೆಯೊಳಗೇ ಇರಬೇಕು. ಅವರಿಗೆ ಕಾಣದ್ದು ನಮಗೂ ಕಾಣದು. ನೀವು ಅರ್ಧಕ್ಕೆ ಬಿಟ್ಟ ಪುಸ್ತಕದಲ್ಲೇ, ಶುರುವಿನಲ್ಲೇ, ವಿಂಟರ್‌ಫೆಲ್ ಕೋಟೆಯ ಒಡೆಯ ನೆಡ್ ಸ್ಟಾರ್ಕ್ ತನ್ನ ತಂಗಿ ಲಿಯಾನಾಳ ಸಮಾಧಿಯ ಮುಂದೆ ನಿಲ್ಲುತ್ತಾನೆ. ಸಾಯುವಾಗ ಅವಳು ಭಾಷೆ ತೆಗೆದುಕೊಂಡದ್ದು, ಕೈಯಿಂದ ಉದುರಿದ ಗುಲಾಬಿ ಎಸಳು, ಇಷ್ಟೇ ಅವನ ನೆನಪಿಗೆ ಬರುವುದು. ಏನು ಭಾಷೆ? ಅದನ್ನು ಅವನು ತನ್ನ ಮನಸ್ಸಿನೊಳಗೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಅಷ್ಟು ಗಟ್ಟಿಯಾಗಿ ಗುಟ್ಟು ಕಾಪಾಡಿಕೊಂಡ ಮನುಷ್ಯ. 1996ರಲ್ಲಿ ಓದಿದವರು ಆ ಎಸಳು ಹಿಡಿದುಕೊಂಡೇ, ನೆಡ್‌ನ ಮಗನೆನಿಸಿಕೊಂಡ ಜಾನ್ ಸ್ನೋನ ತಾಯಿ ಯಾರೆಂದು ಊಹಿಸಿದ್ದರು. ಟಿವಿ ಅದನ್ನು ತೋರಿಸಿದ್ದು 2016ರಲ್ಲಿ. ನೀವು ಬಾವುಟದ ಪ್ರಾಣಿ ಎಣಿಸುತ್ತಾ ಆ ಪುಟ ದಾಟಿಬಿಟ್ಟಿರಿ.

ಮದುವೆಯೂಟಕ್ಕೆ ಬಂದ ಸ್ಟಾರ್ಕರನ್ನು ಅಲ್ಲೇ ಕೊಲ್ಲುವ ‘ರೆಡ್ ವೆಡ್ಡಿಂಗ್’ ನೋಡಿ ನೀವೂ ಆ ರಾತ್ರಿ ಊಟ ಬಿಟ್ಟಿರಬೇಕು. ಪರದೆಯ ಮೇಲೆ ಅದು ನಿಜಕ್ಕೂ ಭಯಂಕರ. ಮಗ ರಾಬ್ ಕಣ್ಣೆದುರು ಸತ್ತ ಮೇಲೆ ನೆಡ್‌ನ ಹೆಂಡತಿ ಕ್ಯಾಟ್ಲಿನ್ ಮರಗಟ್ಟಿದ ಹಾಗೆ ನಿಲ್ಲುತ್ತಾಳೆ, ಕತ್ತು ಕೊಯ್ಯುತ್ತಾರೆ, ಆಮೇಲೆ ಹೆಸರುಗಳು ಸಂಗೀತವೇ ಇಲ್ಲದೆ ಓಡುತ್ತವೆ. ಈಗ ಪುಸ್ತಕಕ್ಕೆ ಬನ್ನಿ. ಮದುವೆಮನೆಯ ವಾದ್ಯದವರು ಶುರುವಿನಿಂದಲೂ ಕೆಟ್ಟದಾಗಿ ಬಾರಿಸುತ್ತಿರುತ್ತಾರೆ. ಕ್ಯಾಟ್ಲಿನ್‌ಗೆ ತಲೆನೋವು. ಯಾಕೆ ಇಂಥವರನ್ನು ಕರೆಸಿದರೋ ಎಂದು ನಮಗೂ ಕಿರಿಕಿರಿ. ಆಮೇಲೆ ಕೊಲೆಗೆ ಸನ್ನೆಯಾದ ಆ ಹಾಡು ಶುರುವಾಗುತ್ತದೆ. ಎದ್ದು ಹೋಗುತ್ತಿದ್ದ, ಆತಿಥ್ಯ ಕೊಟ್ಟ ಫ್ರೇ ಮನೆತನದ ಒಬ್ಬನ ತೋಳನ್ನು ಅವಳು ಹಿಡಿಯುತ್ತಾಳೆ. ರೇಷ್ಮೆ ತೋಳಿನ ಕೆಳಗೆ ಕಬ್ಬಿಣದ ಬಳೆಗಳು ಕೈಗೆ ಸಿಗುತ್ತವೆ. ಮದುವೆಗೆ ಬಂದವನು ಒಳಗೆ ಕವಚ ತೊಟ್ಟಿದ್ದಾನೆ. ಕಣ್ಣಿಗಿಂತ ಮೊದಲು ಅವಳ ಬೆರಳಿಗೆ ಗೊತ್ತಾಯಿತು. ಅವಳ ಜೊತೆಗೇ ನಮಗೂ.

ಎಲ್ಲ ಮುಗಿದ ಮೇಲೆ ಅವಳ ಬುದ್ಧಿ ಸ್ಥಿಮಿತ ತಪ್ಪುತ್ತದೆ. ತನ್ನ ಉಗುರಿನಿಂದಲೇ ಮುಖ ಪರಚಿಕೊಳ್ಳುತ್ತಾಳೆ. ಯಾರೋ ಹಿಂದಿನಿಂದ ತಲೆಗೂದಲು ಹಿಡಿದೆಳೆದು ಕತ್ತು ಮೇಲೆತ್ತುತ್ತಾರೆ. ಆಗ ಅವಳ ಮನಸ್ಸಿಗೆ ಬರುವುದೇನು ಗೊತ್ತಾ? ಕೂದಲು ಮಾತ್ರ ಕತ್ತರಿಸಬೇಡಿ, ನೆಡ್‌ಗೆ ನನ್ನ ಕೂದಲೆಂದರೆ ಬಹಳ ಇಷ್ಟ. ಗಂಡ ಸತ್ತಾಗಿದೆ. ಮಗ ಸತ್ತಾಗಿದೆ. ಕತ್ತಿ ಕೊರಳಿಗೆ ಬಂದಿದೆ. ಅವಳಿಗೆ ಕೂದಲ ಚಿಂತೆ. ನಾನು ಪುಸ್ತಕ ಮುಚ್ಚಿ ಜಗಲಿಯಲ್ಲಿ ಓಡಾಡಿದ್ದು ಆ ಒಂದು ಸಾಲಿಗೆ, ಹರಿದ ರಕ್ತಕ್ಕಲ್ಲ. ಎಂಥಾ ಕ್ಯಾಮೆರಾ ಇಟ್ಟರೂ, ಎಂಥಾ ನಟಿ ಬಂದರೂ, ಆ ಸಾಲನ್ನು ಮುಖದಲ್ಲಿ ತೋರಿಸಲಿ ನೋಡೋಣ. ತೋರಿಸಿದರೆ ಈ ಕುರ್ಚಿ ಬಿಟ್ಟು ಅಡಿಕೆ ಸುಲಿಯಲು ಹೋಗುತ್ತೇನೆ.

ಇನ್ನು ಸ್ಟಾರ್ಕರ ಮನೆಯಲ್ಲಿ ಒತ್ತೆಯಾಳಾಗಿ ಬೆಳೆದ ಥಿಯಾನ್. ಇದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಸೀರೀಸ್‌ನವರು ಮೂರನೇ ಸೀಸನ್ ಉದ್ದಕ್ಕೂ ಅವನನ್ನು ಕಟ್ಟಿಹಾಕಿ ಹಿಂಸೆ ಕೊಟ್ಟದ್ದೇ ಕೊಟ್ಟದ್ದು. ನೀವು ಆ ದೃಶ್ಯಗಳನ್ನು ಓಡಿಸಿಕೊಂಡು ನೋಡಿರುತ್ತೀರಿ, ಎಲ್ಲರೂ ಹಾಗೇ ನೋಡಿದ್ದು. ಪುಸ್ತಕದಲ್ಲಿ ಏನಾಗುತ್ತದೆ? ಎರಡನೆಯ ಸಂಪುಟದಲ್ಲಿ ‘ಥಿಯಾನ್’ ಎಂಬ ಅಧ್ಯಾಯಗಳಿವೆ. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ಅವನ ಒಂದೇ ಒಂದು ಅಧ್ಯಾಯವಿಲ್ಲ. ಸತ್ತನೋ ಬದುಕಿದ್ದಾನೋ ಸರಿಯಾಗಿ ತಿಳಿಯದು. ಐದನೆಯದರಲ್ಲಿ ‘ರೀಕ್’ ಎಂಬ ಹೊಸ ಹೆಸರಿನ ಅಧ್ಯಾಯ ಬರುತ್ತದೆ. ಕತ್ತಲ ಕೋಣೆಯಲ್ಲಿ ಯಾರೋ ಒಬ್ಬ ಹಸಿವಿಗೆ ಹಸಿ ಇಲಿ ತಿನ್ನುತ್ತಿದ್ದಾನೆ. ಕೂದಲು ಬೆಳ್ಳಗಾಗಿದೆ, ಕೆಲವು ಬೆರಳಿಲ್ಲ. ಯಾರೋ ಮುದುಕ ಅಂದುಕೊಂಡು ಓದುತ್ತೇವೆ. ನಿಧಾನಕ್ಕೆ ಗೊತ್ತಾಗುತ್ತದೆ, ಇವನು ಅವನೇ. ಅವನಿಗೇ ತಾನು ಅವನೆಂದು ಒಪ್ಪಿಕೊಳ್ಳಲು ಭಯ. ಮುಂದೆ ಅಧ್ಯಾಯದ ಹೆಸರು ಬದಲಾಗುತ್ತಾ ಹೋಗಿ, ಕೊನೆಗೆ ಒಂದು ದಿನ ತಲೆಬರಹದಲ್ಲಿ ಮತ್ತೆ ‘ಥಿಯಾನ್’ ಎಂದು ಕಾಣುತ್ತದೆ. ಆ ಹಿಂಸೆಯನ್ನು ಮಾರ್ಟಿನ್ ಕಂತುಗಟ್ಟಲೆ ತೋರಿಸಲಿಲ್ಲ. ಅದು ಒಬ್ಬ ಮನುಷ್ಯನ ಒಳಗೆ ಏನು ಉಳಿಸಿತು ಎಂಬುದನ್ನು ಬರೆದರು. ತಲೆಬರಹದಲ್ಲೇ ಒಂದು ಕಾದಂಬರಿಯಷ್ಟು ಕಥೆ!

ರಾಣಿ ಸೆರ್ಸಿಯ ಅವಳಿ ಸೋದರ ಜೇಮಿಯ ವಿಷಯ ತೆಗೆದರೆ ಈ ಸಂಚಿಕೆ ಸಾಲದು. ಎರಡು ಪುಸ್ತಕ ಪೂರ್ತಿ ಅವನನ್ನು ಬೈದುಕೊಂಡಿರುತ್ತೇವೆ. ಮೂರನೆಯದು ತೆರೆದರೆ ಪೀಠಿಕೆ ಮುಗಿದ ಕೂಡಲೇ ಮೊದಲ ಅಧ್ಯಾಯದ ಹೆಸರು ‘ಜೇಮಿ’. ಹೋಗಿ, ಈಗ ಅವನ ತಲೆಯೊಳಗೆ ಕೂತುಕೊಳ್ಳಿ.

ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಮಳೆಗಾಲ ಶುರುವಾಗಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇಲ್ಲಿ ಏನು ನಡೆಯುತ್ತದೆ? ತಾಳಮದ್ದಲೆ. ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು, ನಡುವೆ ಭಾಗವತರು, ಹೊರಗೆ ಸುರಿಯುವ ಮಳೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ನಿಮ್ಮ ಊರಲ್ಲೂ ಇದ್ದಾರು, ವಿಚಾರಿಸಿ. ರಾಮನ ಬಾಣ ತಿಂದು ಬಿದ್ದ ವಾಲಿ ಒಂದೊಂದೇ ಪ್ರಶ್ನೆ ಎತ್ತುತ್ತಾನೆ. ಮರದ ಮರೆಯಿಂದ ಯಾಕೆ ಹೊಡೆದೆ? ನಿನಗೂ ನನಗೂ ಏನು ಹಗೆ? ಬಾಣ ತಾಗಿದ್ದು ಒಂದು ಕ್ಷಣ, ಮಾತು ಗಂಟೆಗಟ್ಟಲೆ. ಕೈಮುಗಿದು ಕೂತ ರಾಮಭಕ್ತರೂ ಅಷ್ಟು ಹೊತ್ತು ವಾಲಿಯ ಕಡೆಗೆ ವಾಲಿರುತ್ತಾರೆ. ಇದನ್ನೇ ‘ನಿಧಾನ’ ಎಂದು ದೂರುವುದಾದರೆ ನಮ್ಮ ಅಜ್ಜಂದಿರೆಲ್ಲ ಕೆಲಸವಿಲ್ಲದೆ ರಾತ್ರಿಯಿಡೀ ಕೂತಿದ್ದರಾ?

ನಿಧಾನದ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ಮೊದಲ ಪುಸ್ತಕದಲ್ಲಿ ವಿಂಟರ್‌ಫೆಲ್‌ನಿಂದ ರಾಜಧಾನಿಗೆ ಹೋಗುವುದೇ ಒಂದು ದೊಡ್ಡ ಪಯಣ. ದಾರಿಯಲ್ಲೇ ಜಗಳ, ಸಾವು, ಸಂಬಂಧ ಮುರಿಯುವುದು. ಮೊದಲ ಸೀಸನ್ ಕೂಡ ಇದನ್ನು ಗೌರವಿಸಿತು. ಏಳನೇ ಸೀಸನ್‌ಗೆ ಬರುವಷ್ಟರಲ್ಲಿ ಉತ್ತರದ ಗಡಿಯ ಮಹಾಗೋಡೆಯಾಚೆ ಸಿಕ್ಕಿಬಿದ್ದವರ ಸುದ್ದಿ ಹೊತ್ತು ಒಬ್ಬ ಓಡಿಬರುತ್ತಾನೆ, ಕಾಗೆ ಇಡೀ ದೇಶ ಹಾರಿ ಹೋಗುತ್ತದೆ, ಡ್ರ್ಯಾಗನ್ ಅಷ್ಟೇ ದೂರ ಹಾರಿ ಬರುತ್ತದೆ, ಎಲ್ಲ ಒಂದೇ ಕಂತಿನೊಳಗೆ. ಜುಲೈ ತಿಂಗಳಲ್ಲಿ ಶಿವಮೊಗ್ಗದಿಂದ ಬಸ್ಸು ಹತ್ತಿ ಆಗುಂಬೆ ಘಾಟಿ ಇಳಿದವರು ಯಾರೂ ಇದನ್ನು ನಂಬಲಾರರು.

ಇನ್ನು ನಿಮ್ಮ ದೊಡ್ಡ ಅಸ್ತ್ರ: ಲೇಖಕರು ಮುಗಿಸಿಲ್ಲ. ನಿಜ. ಮೂರನೆಯದು 2000ದಲ್ಲಿ, ನಾಲ್ಕನೆಯದು 2005ರಲ್ಲಿ, ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಜಗತ್ತು ಇನ್ನೂ ಕಾಯುತ್ತಿದೆ. ಆದರೆ ಮುಗಿಸಿದವರ ಗತಿ ಏನಾಯಿತು? ಕೊನೆಯ ಸೀಸನ್ ಮತ್ತೆ ಮಾಡಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಪುಸ್ತಕದ ಆಸರೆ ಇರುವ ತನಕ ನೆಟ್ಟಗೆ ನಡೆದ ಸೀರೀಸ್ ಅದು ತಪ್ಪಿದ ಮೇಲೆ ಎಡವಿತು. ಕೊನೆಗೆ ಆರೇ ಕಂತಿನಲ್ಲಿ ಗಡಿಬಿಡಿಯಿಂದ ಬಾಗಿಲು ಹಾಕಿತು.

ನಮ್ಮ ಕುಮಾರವ್ಯಾಸ ಭಾರತವನ್ನು ಮುಗಿಸಿದನಾ? ಹತ್ತು ಪರ್ವ ಬರೆದು, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದು ಪೂರೈಸಿದ. ಪಾಪ, ಶ್ರದ್ಧೆಯ ಕೆಲಸ. ಆದರೆ ಶಿವಮೊಗ್ಗದ ಪಕ್ಕದ ಹೊಸಹಳ್ಳಿಗೆ ಹೋಗಿ ಕೇಳಿ. ಪದ್ಮಶ್ರೀ ಎಚ್. ಆರ್. ಕೇಶವಮೂರ್ತಿಯವರು ಬಾಳಿ ಹಾಡಿದ ಗಮಕದ ಊರು ಅದು. ಜನ ಕಿವಿಗೊಟ್ಟು ಕೂರುವುದು ಕುಮಾರವ್ಯಾಸನಿಗೆ. ಅವನು ಮುಗಿಸಲಿಲ್ಲ ಎಂದು ಯಾರೂ ಎದ್ದು ಹೋದದ್ದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಪತ್ರ ನನ್ನ ಹಳೇ ಹುಣ್ಣಿನ ಮೇಲೆ ಕೈಯಿಟ್ಟಿದೆ. ಮೇಜಿನ ಮೇಲೆ ದೀಪಾವಳಿ ವಿಶೇಷಾಂಕಕ್ಕೆ ಬಂದ ಕಥೆಗಳ ರಾಶಿ ಬಿದ್ದಿದೆ. ಎಷ್ಟೋ ಕಥೆಗಳು ಡ್ರೋನ್ ಹಾರಿಸಿಯೇ ಶುರುವಾಗುತ್ತವೆ. ಮೇಲಿನಿಂದ ಕಾಡು, ಮಂಜು, ನಡುವೆ ಅಂಕುಡೊಂಕು ರಸ್ತೆ, ರಸ್ತೆಯಲ್ಲಿ ಒಂದು ಕೆಂಪು ಕಾರು. ಕಾರು ಹಳೇ ಹೆಂಚಿನ ಮನೆ ಮುಂದೆ ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ. ಮೊದಲು ಶೂ ಹಾಕಿದ ಕಾಲು ಕೆಳಗಿಳಿಯುತ್ತದೆ. ಕಾಲು! ಆ ಮನುಷ್ಯ ತೋಟ ಮಾರಲು ಬಂದವನಾ, ಅಪ್ಪನ ತಿಥಿಗೆ ಬಂದವನಾ, ಅಂಗಳ ಕಂಡಾಗ ಅವನಿಗೆ ಏನನ್ನಿಸಿತು, ಒಂದಕ್ಷರ ಇಲ್ಲ. ಬರೆದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. “ಅದು ಎಕ್ಸ್‌ಪ್ರೆಶನ್‌ನಲ್ಲಿ ಗೊತ್ತಾಗುತ್ತೆ ಸಾರ್” ಎಂದ. ಯಾರ ಎಕ್ಸ್‌ಪ್ರೆಶನ್ ಮಾರಾಯ, ಕಾಗದದ್ದಾ?

ಪುಸ್ತಕ ಸಿನಿಮಾ ಆಗುವುದಕ್ಕೆ ನನ್ನ ತಕರಾರಿಲ್ಲ. ಬರೆಯುವಾಗಲೇ ಸಿನಿಮಾ ಆಗಿಬಿಟ್ಟರೆ ಬರೆಯುವುದು ಯಾಕೆ? ಮಾರ್ಟಿನ್ ಕಥೆ ಇದಕ್ಕೆ ತದ್ವಿರುದ್ಧ. ಎಂಬತ್ತರ ದಶಕದಲ್ಲಿ ಅವರು ಅಮೆರಿಕದ ಟಿವಿಗೆ ಬರೆಯುತ್ತಿದ್ದರು. ಬರೆದದ್ದೆಲ್ಲ ದೊಡ್ಡದಾಯಿತು, ಖರ್ಚು ಜಾಸ್ತಿ, ಕಡಿಮೆ ಮಾಡಿ ಎಂದು ಹೇಳಿಸಿಕೊಂಡು ಬೇಸತ್ತು, ಯಾವ ಬಜೆಟ್ಟಿಗೂ ನಿಲುಕದ ಹಾಗೆ ಪುಸ್ತಕ ಬರೆಯಲು ಕೂತರು. ಕೊನೆಗೆ ಟಿವಿಯೇ ಹುಡುಕಿಕೊಂಡು ಬಂತು.

ನಮ್ಮ ಮಲೆನಾಡಂತೂ ಈಗ ಬರೀ ಹಿನ್ನೆಲೆ ಪರದೆ ಆಗಿದೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಆಗುಂಬೆಯಲ್ಲಿ ಮಾಲ್ಗುಡಿ ಡೇಸ್ ಟಿವಿ ಸೀರೀಸ್ ತೆಗೆದರು. ಚಂದದ ಕೆಲಸ, ನನಗೂ ಬಹಳ ಪ್ರೀತಿ. ಆದರೆ ಅಲ್ಲಿನ ದೊಡ್ಡಮನೆ ಮುಂದೆ ಫೋಟೋ ತೆಗೆಸಿಕೊಳ್ಳುವವರನ್ನು ನಾರಾಯಣರ ಒಂದು ಕಥೆ ಹೇಳಿ ಎಂದು ಕೇಳಿ ನೋಡಿ. ಸ್ವಾಮಿ ಎಂಬ ಹುಡುಗನೊಬ್ಬ ಇದ್ದ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇದೇ ನಾರಾಯಣರು ‘ಗೈಡ್’ ಸಿನಿಮಾದವರಿಗೆ ಮೈಸೂರು ಸೀಮೆಯಲ್ಲಿ ತಮ್ಮ ಕಥೆಯ ಜಾಗಗಳನ್ನು ಓಡಾಡಿ ತೋರಿಸಿದ್ದರು. ಅವರು ಬಣ್ಣ ಬೇಕೆಂದು ಹೋಗಿ ರಾಜಸ್ಥಾನದಲ್ಲಿ ತೆಗೆದರು. ಅದರ ಬಗ್ಗೆ ನಾರಾಯಣರು ನಗುನಗುತ್ತಲೇ ಚುಚ್ಚಿ ಒಂದು ಪ್ರಬಂಧ ಬರೆದಿದ್ದಾರೆ. ಸಿಕ್ಕಿದರೆ ಅದನ್ನೂ ಓದಿ.

ಈಗ ನೀವು ಮಾಡಬೇಕಾದ್ದು. ಮೊದಲ ಪುಸ್ತಕವನ್ನು ಬಿಟ್ಟಲ್ಲಿಂದ ಹಿಡಿಯಬೇಡಿ, ಆ ಸಮಾಧಿಯ ಅಧ್ಯಾಯದಿಂದ ಶುರು ಮಾಡಿ. ಬಾವುಟಗಳು ಬಂದರೆ ಧಾರಾಳವಾಗಿ ಹಾರಿಸಿ. ಕೊನೆಯಲ್ಲಿರುವ ವಂಶಾವಳಿಯನ್ನು ಯಾರೂ ಬಾಯಿಪಾಠ ಮಾಡಿಲ್ಲ, ನಾನೂ ಮಾಡಿಲ್ಲ. ಊಟದ ಪಟ್ಟಿ ಮಾತ್ರ ಬಿಡಬೇಡಿ, ಹಸಿದಾಗ ಓದಲು ಚೆನ್ನಾಗಿರುತ್ತದೆ. ಮೂರನೆಯ ಪುಸ್ತಕ ನಮ್ಮಲ್ಲಿ ಸಿಗುವ ಪ್ರತಿಗಳಲ್ಲಿ ಎರಡು ಭಾಗವಾಗಿ ಬರುತ್ತದೆ. ಎರಡನ್ನೂ ಒಟ್ಟಿಗೇ ತರಿಸಿಕೊಳ್ಳಿ, ಮೊದಲನೆಯದು ಮುಗಿಯುವ ರಾತ್ರಿ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಚಿಕ್ಕಪ್ಪನವರ ಕಪಾಟಿನಲ್ಲಿದ್ದರೆ ಇನ್ನೂ ಒಳ್ಳೆಯದು. ಓದಿ ಮುಗಿಸಿ ಮತ್ತೆ ಜಗಳಕ್ಕೆ ಬನ್ನಿ. ಪತ್ರ ಉದ್ದವಾಯಿತೆಂದು ಕತ್ತರಿ ಹಾಕುವುದಿಲ್ಲ.