ಹಿಂದೆ ಮಗು ಹೊಟ್ಟೆಯಲ್ಲೇ ಹೋಗಿತ್ತು, ಈಗ ವಾರ ವಾರ ಎನ್‌ಎಸ್‌ಟಿ ಬೇಕಾ?

ಕಾಸರಗೋಡಿನಿಂದ ತಲಪಾಡಿ ದಾಟಿ ಎನ್‌ಎಸ್‌ಟಿಗೆ, ಅಂದರೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನೋಡುವ ನಾನ್-ಸ್ಟ್ರೆಸ್ ಟೆಸ್ಟಿಗೆ, ವಾರ ವಾರ ಮಂಗಳೂರಿಗೆ ಹೋಗಬೇಕಾ ಅಂತ ಕೇಳಿದ್ದೀರಿ ಅಕ್ಕ. ಹೋಗಿ ಅಂತಲೇ ನನ್ನ ಮಾತು. ಒಮ್ಮೆ ಹೀಗಾದವರಿಗೆ ಸಾಮಾನ್ಯವಾಗಿ 32 ವಾರದ ಹೊತ್ತಿಗೆ ಶುರು ಮಾಡುತ್ತಾರೆ. ಆ ಮಗು ಎಷ್ಟನೇ ವಾರದಲ್ಲಿ ಹೋಯಿತು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಸುಮಾರು 20 ನಿಮಿಷ ಮಗುವಿನ ಎದೆಬಡಿತ ಕಾಗದದ ಮೇಲೆ ಗೆರೆಯಾಗಿ ಬರುತ್ತದೆ. ಮಗು ನಿದ್ದೆಯಲ್ಲಿದ್ದರೆ ಗೆರೆ ಜಾಸ್ತಿ ಏಳುವುದಿಲ್ಲ, ಇನ್ನೊಂದು 20 ನಿಮಿಷ ನೋಡುತ್ತಾರೆ. ಮಗು ಚೆನ್ನಾಗಿದ್ದರೂ ಕೆಲವೊಮ್ಮೆ ಸುಮ್ನೆ ಹೆದರಿಸುವುದೇ ಈ ಟೆಸ್ಟಿನ ಕೊರತೆ. ರಿಪೋರ್ಟ್ ಸರಿಯಿಲ್ಲ ಅಂತ ಬಂದರೆ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಕೂಡ ಬೇಕಾ ಅಂತ ಡಾಕ್ಟರನ್ನು ಕೇಳಿ.

ಆದರೆ ಮಗುವಿನ ಒದೆತ ಕಡಿಮೆಯಾದರೆ ಮುಂದಿನ ತಾರೀಕಿಗೆ ಕಾಯಲೇಬೇಡಿ. ಮೊನ್ನೆಯ ರಿಪೋರ್ಟ್ ಚೆನ್ನಾಗಿದ್ದರೂ, ನಡುರಾತ್ರಿಯಾದರೂ, ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೊರಟುಬಿಡಿ.