ತಲೆಗೆ ಪೆಟ್ಟು ಬಿದ್ದಾಗ, ಭಾರ ಎತ್ತಿದಾಗ ಕಣ್ಣ ಮುಂದೆ ಬೆಳಕಿನ ಚುಕ್ಕಿಗಳು ಕಾಣುವುದೇಕೆ?

ನೀವು ಎರಡು ಸಂದರ್ಭಗಳನ್ನು ಹೇಳಿದ್ದೀರಿ. ಬಗ್ಗಿ ಏಳುವಾಗ ತಲೆಯ ಹಿಂಭಾಗ ಕಪಾಟಿನ ಅಂಚಿಗೆ ಬಡಿದು ಒಂದೆರಡು ಕ್ಷಣ ಕಿಡಿಗಳು ಹಾರಿದಂತೆ ಕಂಡದ್ದು ಒಂದು. ವ್ಯಾಯಾಮದಲ್ಲಿ ಭಾರ ಎತ್ತಿ ಇಳಿಸಿದ ಕೂಡಲೇ ಚುಕ್ಕಿಗಳು ಮಿನುಗುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕೆಂದು ನಿಮ್ಮ ಊಹೆ. ಶರೀರಕ್ರಿಯಾಶಾಸ್ತ್ರವನ್ನು ಬಹುಕಾಲ ಪಾಠ ಮಾಡಿದವನಾಗಿ ನಾನು ಹೇಳುವುದಾದರೆ, ಕಾಣುವ ನೋಟದಲ್ಲಿ ಹೋಲಿಕೆಯಿದ್ದರೂ ಅದು ಹುಟ್ಟುವ ಬಗೆ ಎರಡೂ ಕಡೆ ಬೇರೆ.

ಮೊದಲು ಎರಡಕ್ಕೂ ಸಮಾನವಾದ ಸಂಗತಿಯನ್ನು ನೋಡೋಣ. ಹೊರಗಿನಿಂದ ಬೆಳಕು ಬೀಳದೆಯೇ ಕಾಣುವ ಇಂಥ ಬೆಳಕಿಗೆ ವಿಜ್ಞಾನದಲ್ಲಿ ಫಾಸ್ಫೀನ್ ಎಂಬ ಹೆಸರಿದೆ. ಕಣ್ಣಿನ ಒಳಗೋಡೆಯಲ್ಲಿರುವ ಅಕ್ಷಿಪಟಲ, ಅಂದರೆ ರೆಟಿನಾ, ಬೆಳಕಿಗೆ ಸ್ಪಂದಿಸುವುದಕ್ಕೆಂದೇ ಇರುವ ಪದರ. ಆದರೆ ಅದರ ಕೋಶಗಳನ್ನು ಒತ್ತಿದರೂ, ಎಳೆದರೂ, ಅವುಗಳ ಮೂಲಕ ವಿದ್ಯುತ್ತನ್ನು ಹಾಯಿಸಿದರೂ ಅವು ಮಿದುಳಿಗೆ ಸಂಕೇತ ಕಳಿಸುತ್ತವೆ, ಮತ್ತು ದೃಷ್ಟಿನರದ ಮೂಲಕ ಬಂದದ್ದನ್ನೆಲ್ಲ ಮಿದುಳು ಬೆಳಕೆಂದೇ ಓದಿಕೊಳ್ಳುತ್ತದೆ. ಸಂವೇದನೆ ಯಾವುದೆಂಬುದನ್ನು ನಿರ್ಧರಿಸುವುದು ಪ್ರಚೋದನೆಯಲ್ಲ, ಪ್ರಚೋದನೆಗೊಂಡ ನರ ಎಂಬ ಈ ತತ್ತ್ವವನ್ನು 19ನೇ ಶತಮಾನದಲ್ಲಿ ಜರ್ಮನಿಯ ಯೋಹಾನೆಸ್ ಮ್ಯುಲರ್ ನಿರೂಪಿಸಿದರು. ಅದಕ್ಕೂ ಬಹಳ ಹಿಂದೆ, 1660ರ ದಶಕದಲ್ಲಿ, ಐಸಾಕ್ ನ್ಯೂಟನ್ ತಮ್ಮ ಕಣ್ಣುಗುಡ್ಡೆಗೂ ಮೂಳೆಗೂ ನಡುವೆ ದಬ್ಬಳ ತೂರಿಸಿ ಒತ್ತಿ, ಬಣ್ಣಬಣ್ಣದ ವೃತ್ತಗಳು ಕಂಡವೆಂದು ಟಿಪ್ಪಣಿ ಬರೆದಿಟ್ಟಿದ್ದರು. ದಯವಿಟ್ಟು ಯಾರೂ ಇದನ್ನು ಅನುಕರಿಸಬೇಡಿ. ಕಣ್ಣು ಮುಚ್ಚಿ, ಹೊರತುದಿಯ ರೆಪ್ಪೆಯ ಮೇಲೆ ಬೆರಳನ್ನು ತೀರ ಹಗುರವಾಗಿ ಇಟ್ಟು ಒಮ್ಮೆ ಒತ್ತಿದರೆ ಸಾಕು, ಮೂಗಿನ ಕಡೆಗೆ ಒಂದು ಮಸುಕು ಉಂಗುರ ಕಾಣಿಸುತ್ತದೆ. ಒತ್ತಿದ್ದು ಒಂದು ಕಡೆ, ಕಂಡದ್ದು ಎದುರು ಕಡೆ! ಅಕ್ಷಿಪಟಲದ ಮೇಲೆ ಬಿಂಬ ಸದಾ ತಿರುಗುಮುರುಗಾಗಿ ಬೀಳುವುದರಿಂದ, ಹೊರಬದಿಯ ಕೋಶಗಳು ಸಂಕೇತ ಕೊಟ್ಟರೆ ಬೆಳಕು ಒಳಬದಿಯಿಂದ ಬಂದಿತೆಂದು ಮಿದುಳು ಲೆಕ್ಕ ಹಾಕುತ್ತದೆ.

ಇನ್ನು ಪೆಟ್ಟಿನ ವಿಷಯ. ನೋಟವನ್ನು ಅರ್ಥೈಸುವ ಮಿದುಳಿನ ಭಾಗ ಇರುವುದು ಹಣೆಯ ಹಿಂದಲ್ಲ, ತಲೆಯ ಹಿಂಬದಿಯಲ್ಲಿ, ನಿಮಗೆ ಕಪಾಟು ತಗುಲಿದ ಜಾಗದ ಹತ್ತಿರವೇ. ಮಿದುಳು ದ್ರವದಲ್ಲಿ ತೇಲುತ್ತಿರುವುದರಿಂದ ತಲೆಬುರುಡೆ ಥಟ್ಟನೆ ನಿಂತಾಗ ಅದು ಒಂದಿಷ್ಟು ಮುಂದುವರಿದು ಅಲುಗುತ್ತದೆ, ಮತ್ತು ಆ ಅಲುಗಾಟಕ್ಕೆ ನರಕೋಶಗಳು ಕ್ಷಣಕಾಲ ಅಡ್ಡಾದಿಡ್ಡಿಯಾಗಿ ಸ್ಪಂದಿಸುತ್ತವೆ. ಕಣ್ಣಿನ ಪಾತ್ರವೇ ಇಲ್ಲದೆ ಈ ಭಾಗ ಬೆಳಕನ್ನು ಹುಟ್ಟಿಸಬಲ್ಲದು ಎಂಬುದಕ್ಕೆ 1968ರಲ್ಲಿ ಇಂಗ್ಲೆಂಡಿನ ಬ್ರಿಂಡ್ಲಿ ಮತ್ತು ಲೆವಿನ್ ನಡೆಸಿದ ಪ್ರಯೋಗ ಸಾಕ್ಷಿ. ದೃಷ್ಟಿ ಕಳೆದುಕೊಂಡಿದ್ದ ಮಹಿಳೆಯೊಬ್ಬರ ಮಿದುಳಿನ ಹಿಂಭಾಗಕ್ಕೆ ವಿದ್ಯುದ್ವಾರಗಳ ಮೂಲಕ ಸಣ್ಣ ಪ್ರಚೋದನೆ ಕೊಟ್ಟಾಗ ಅವರಿಗೆ ಬೆಳಕಿನ ಚುಕ್ಕಿಗಳು ಕಂಡವು. ಪೆಟ್ಟು ಮುಖಕ್ಕೋ ಕಣ್ಣಿನ ಬಳಿಗೋ ಬಿದ್ದಿದ್ದರೆ ಅಕ್ಷಿಪಟಲವೇ ನೇರವಾಗಿ ಅದುರುತ್ತದೆ. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ವಸ್ತು ಅಕ್ಷಿಪಟಲಕ್ಕೆ ಅಲ್ಲಲ್ಲಿ ಅಂಟಿಕೊಂಡಿರುವುದರಿಂದ, ಅದು ಕುಲುಕಿದಾಗ ಪಟಲವನ್ನೂ ಜಗ್ಗುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಜಗ್ಗಿದ್ದನ್ನು ಅದು ಮಿಂಚಾಗಿಯೇ ತಿಳಿಸಬೇಕು.

ಭಾರ ಎತ್ತುವಾಗ ಆಗುವುದು ರಕ್ತದ ಕತೆ. ಉಸಿರು ಬಿಗಿಹಿಡಿದು ತಿಣುಕಿದಾಗ ಎದೆಗೂಡಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಉಸಿರು ಬಿಟ್ಟೊಡನೆ ರಕ್ತದೊತ್ತಡ ಕೆಲ ಕ್ಷಣ ಕುಸಿದು, ಆಮೇಲೆ ಪುಟಿದೇಳುತ್ತದೆ. ಆ ಕುಸಿತದ ಬಿಸಿ ಮೊದಲು ತಟ್ಟುವುದು ಕಣ್ಣಿಗೆ. ಅಕ್ಷಿಪಟಲ ಆಮ್ಲಜನಕವನ್ನು ಅತಿ ಹೆಚ್ಚು ಬಳಸುವ ಅಂಗಾಂಶಗಳಲ್ಲಿ ಒಂದು. ಸಾಲದ್ದಕ್ಕೆ, ಕಣ್ಣೊಳಗೆ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಒತ್ತಡ ಇದ್ದೇ ಇರುವುದರಿಂದ ರಕ್ತ ಅದನ್ನೂ ಮೀರಿ ಒಳಹೋಗಬೇಕು. ಹೀಗೆ ರಕ್ತ ಸಾಲದಾದಾಗ ಕೋಶಗಳು ಅಡ್ಡಾದಿಡ್ಡಿಯಾಗಿ ಕಳಿಸುವ ಸಂಕೇತಗಳೇ ನಿಮಗೆ ಚುಕ್ಕಿಗಳಾಗಿ ಕಾಣುತ್ತವೆ. ಯುದ್ಧವಿಮಾನದ ಚಾಲಕರಿಗೆ ರಭಸದ ತಿರುವಿನಲ್ಲಿ ಎಚ್ಚರವಿರುವಾಗಲೇ ಮೊದಲು ಬಣ್ಣಗಳು ಮಾಸಿ, ಆಮೇಲೆ ಕಣ್ಣಿಗೆ ಕತ್ತಲೆ ಕವಿಯುವುದೂ ಇದರಿಂದಲೇ. ಕುಳಿತಲ್ಲಿಂದ ತಟ್ಟನೆ ಎದ್ದಾಗ ಆಗುವುದೂ ಇದರ ಸೌಮ್ಯ ರೂಪ.

ದಣಿದು ನಿಂತು ಆಕಾಶ ನೋಡಿದಾಗ ಸರಸರನೆ ಹರಿದಾಡುವ ಹೊಳೆವ ಬಿಂದುಗಳು ಮಾತ್ರ ಇನ್ನೊಂದೇ ಬಗೆಯವು, ನನಗಂತೂ ಎಲ್ಲಕ್ಕಿಂತ ಪ್ರಿಯವಾದವು. ಅಕ್ಷಿಪಟಲದ ಲೋಮನಾಳಗಳಲ್ಲಿ ಸಾಗುವ ಕೆಂಪು ರಕ್ತಕಣಗಳು ನೀಲಿ ಬೆಳಕನ್ನು ಹೀರುತ್ತವೆ, ಬಿಳಿಯ ಕಣಗಳು ಹೀರುವುದಿಲ್ಲ. ಆದ್ದರಿಂದ ಬಿಳಿಯ ಕಣ ಹಾದುಹೋದಲ್ಲೆಲ್ಲ ಒಂದು ಬೆಳಕಿನ ಬಿಂದು ಓಡಿದಂತೆ ಕಾಣುತ್ತದೆ. ಅವು ನಾಡಿಬಡಿತಕ್ಕೆ ತಕ್ಕಂತೆ ಜಿಗಿಯುತ್ತವೆ, ಮತ್ತು ನೋಟದ ನಟ್ಟನಡುವೆ ಲೋಮನಾಳಗಳೇ ಇಲ್ಲದಿರುವುದರಿಂದ ಅಲ್ಲಿ ಒಂದೂ ಕಾಣುವುದಿಲ್ಲ. ಇದು ರೋಗವಲ್ಲ.

ಆತಂಕಪಡಬೇಕಾದ ಬೆಳಕುಗಳೂ ಇವೆ. ಪೆಟ್ಟೂ ಶ್ರಮವೂ ಇಲ್ಲದೆ ನೋಟದ ಅಂಚಿನಲ್ಲಿ ಮತ್ತೆ ಮತ್ತೆ ಮಿಂಚು ಹೊಡೆಯುತ್ತಿದ್ದರೆ, ಜೊತೆಗೆ ಕಪ್ಪು ಚುಕ್ಕಿಗಳ ಸುರಿಮಳೆಯೋ, ಪಕ್ಕದಿಂದ ಪರದೆ ಎಳೆದಂಥ ನೆರಳೋ ಕಂಡರೆ, ಅಕ್ಷಿಪಟಲ ಹರಿದಿರಬಹುದು. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಸಮೀಪದೃಷ್ಟಿ ಇರುವವರಲ್ಲಿ ಈ ಅಪಾಯ ಹೆಚ್ಚು, ಕಣ್ಣಿಗೆ ಪೆಟ್ಟಾದವರಲ್ಲಿ ಇದು ವಾರಗಳ ನಂತರವೂ ತಲೆದೋರಬಹುದು. ಅಂಕುಡೊಂಕು ಗೆರೆಗಳು ನಿಧಾನವಾಗಿ ಹರಡುತ್ತ 20–30 ನಿಮಿಷ ಉಳಿದರೆ ಅದು ಬಹುತೇಕ ಮೈಗ್ರೇನಿನ ಮುನ್ಸೂಚನೆ. ಗರ್ಭಿಣಿಯರಿಗೆ 20 ವಾರಗಳ ನಂತರ ತಲೆನೋವಿನೊಂದಿಗೆ ಇಂಥ ಬೆಳಕು ಕಂಡರೆ ತಡಮಾಡದೆ ರಕ್ತದೊತ್ತಡ ನೋಡಿಸಬೇಕು. ತಲೆಗೆ ಪೆಟ್ಟಾದ ಮೇಲೆ ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ಗೊಂದಲ, ಮಂಪರು ಕಂಡರೆ ಕಿಡಿ ಕಂಡಿತೋ ಇಲ್ಲವೋ ಎಂದು ಯೋಚಿಸುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು.

ನಿಮ್ಮ ವಿವರಣೆಯಲ್ಲಿ ಇವು ಯಾವುವೂ ಇಲ್ಲ. ಭಾರ ಎತ್ತುವಾಗ ಉಸಿರು ಕಟ್ಟದೆ, ಎತ್ತುವ ಹೊತ್ತಿಗೆ ಉಸಿರನ್ನು ಹೊರಬಿಡುತ್ತ, ಇಳಿಸುವಾಗ ಒಳಗೆಳೆದುಕೊಂಡು ನೋಡಿ. ಹಾಗೆ ಮಾಡಿಯೂ ಪ್ರತಿ ಬಾರಿ ಚುಕ್ಕಿಗಳು ಕಾಣುತ್ತಿದ್ದರೆ, ಅಥವಾ ತಲೆಸುತ್ತು, ಎದೆನೋವು ಜೊತೆಗೂಡಿದರೆ, ವ್ಯಾಯಾಮ ನಿಲ್ಲಿಸಿ ರಕ್ತದೊತ್ತಡವನ್ನೂ ಹೃದಯವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ.