ಕಪ್ಪೆ ಕಾಣಿಸುತ್ತಿಲ್ಲವೇ? ಪೆಟ್ಟಿಗೆ ಚೆನ್ನಾಗಿದೆ ಬಿಡಿ

ಹಿಂದಿನ ಸಲ ನಮ್ಮ ಮನೆಯ ಎರಡು ಮರಗಪ್ಪೆಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅವುಗಳಿಗಾಗಿ ನಾನೇ ಮಾಡಿದ ಗಾಜಿನ ಪೆಟ್ಟಿಗೆಯ ಮಾತು ಅದರಲ್ಲಿ ಒಂದೇ ಸಾಲು. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ನಿಂತು ಕಪ್ಪೆ ಕೊಯ್ಯುವುದನ್ನು ಕಲಿಸಿದವಳು ನಾನು. ಈಗ ಕಪ್ಪೆಗೆ ಮನೆ ಕಟ್ಟುವುದನ್ನು ಹೇಳಿಕೊಡುತ್ತಿದ್ದೇನೆ. ಹಳೆಯ ಸಾಲ ತೀರಿಸುತ್ತಿದ್ದಾಳೆ ಅಂದುಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮಲ್ಲಿ ಹಳೆಯ ಮೀನಿನ ತೊಟ್ಟಿ ಇದೆ. 60 ಸೆಂ.ಮೀ. ಉದ್ದ, ಅಗಲ ಎತ್ತರ ಎರಡೂ 30. ಒಂದು ಮೂಲೆಯಲ್ಲಿ ಸೋರುತ್ತದೆ. ಮರಗಪ್ಪೆಗೆ ಬಳಸಬಹುದೇ?

ಬಳಸಬಹುದು, ಆದರೆ ಮಲಗಿರುವುದನ್ನು ಎದ್ದು ನಿಲ್ಲಿಸಿ. ಮರಗಪ್ಪೆಗೆ ಬೇಕಾದ್ದು ಉದ್ದ ಅಲ್ಲ, ಎತ್ತರ. ತೊಟ್ಟಿಯನ್ನು ಚಿಕ್ಕ ಬದಿಯ ಮೇಲೆ ನಿಲ್ಲಿಸಿದರೆ 60 ಸೆಂ.ಮೀ. ಎತ್ತರ ಸಿಗುತ್ತದೆ. ಮೊದಲು ಬಾಯಿ ಇದ್ದ ಜಾಗ ಈಗ ಮುಂಬಾಗಿಲು. ಮೂರು ನಾಲ್ಕು ಸೆಂ.ಮೀ. ಬೆಳೆಯುವ ಸಣ್ಣ ಜಾತಿಗೆ ಇದು ಸಾಕು. ವೈಟ್ಸ್ ಮರಗಪ್ಪೆಯಂತಹ ದಪ್ಪ ಆಸಾಮಿಗೆ ಸಾಲದು. ಅದು 10 ಸೆಂ.ಮೀ.ವರೆಗೆ ಬೆಳೆಯುತ್ತದೆ. ಒಂದು ಜೋಡಿಗೆ 45 × 45 × 60 ಆದರೂ ಇರಲಿ.

ಸೋರುವ ಮೂಲೆಗೆ ಮೇಲಿಂದ ಮೇಲೆ ಅಂಟು ಬಳಿಯಬೇಡಿ. ಒಣಗಿದ ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಬ್ಲೇಡಿನಿಂದ ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹಚ್ಚಿ. ಅಂಟು ಕೊಳ್ಳುವಾಗ ಕೊಳವೆಯ ಮೇಲಿನ ಸಣ್ಣ ಅಕ್ಷರ ಓದಿ. ನಾನು ಓದಿರಲಿಲ್ಲ. ಬಚ್ಚಲುಮನೆಗೆ ಹಚ್ಚುವ, ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸಿಲಿಕೋನನ್ನು ನಾಲ್ಕೂ ಮೂಲೆಗೆ ನೀಟಾಗಿ ಹಚ್ಚಿ, ಬೆರಳಲ್ಲಿ ಒತ್ತಿ, ದೂರ ನಿಂತು ನೋಡಿ ಖುಷಿಪಟ್ಟಿದ್ದೆ. ಮಾರನೆಯ ದಿನ ಖಾಲಿ ಕೊಳವೆ ಎಸೆಯಲು ಹೋದಾಗ ಆ ಅಕ್ಷರ ಕಣ್ಣಿಗೆ ಬಿತ್ತು. ಕೆರೆಯುವುದಕ್ಕೆ ಎರಡು ಭಾನುವಾರ ಹಿಡಿಯಿತು. ಕಪ್ಪೆ ಇನ್ನೂ ಬಂದಿರಲಿಲ್ಲ, ಅಷ್ಟೇ ಪುಣ್ಯ.

ಇಷ್ಟು ಹೆದರಿಕೆ ಯಾಕೆ ಅಂದರೆ, ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ಹಿಂಗಾಲುಗಳ ನಡುವಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಕುಳಿತಿದ್ದರೆ ಅದು ನೀರು ಕುಡಿಯುತ್ತಿದೆ ಎಂದೇ ಲೆಕ್ಕ. ಆ ನೆಲದಲ್ಲಿ ಏನು ಕರಗಿದೆಯೋ ಅದೆಲ್ಲ ಮೈಯೊಳಗೆ. ಅಕ್ವೇರಿಯಂಗೆಂದೇ ಬರುವ, ಹಚ್ಚುವಾಗ ವಿನೆಗರ್ ವಾಸನೆ ಹೊಡೆಯುವ ಸಾದಾ ಸಿಲಿಕೋನ್ ಸಾಕು. ಅದು ದಿನಕ್ಕೆ ಎರಡು ಮಿಲಿಮೀಟರ್ ಆಳ ಒಣಗಿದರೆ ಹೆಚ್ಚು. ಮೇಲೆ ಗಟ್ಟಿ ಆಯಿತು ಅಂತ ಮೋಸ ಹೋಗಬೇಡಿ. ಹತ್ತು ದಿನ ಬಿಡಿ. ಪೆಟ್ಟಿಗೆಯೊಳಗೆ ಮೂಗು ತೂರಿಸಿದಾಗ ವಾಸನೆ ಒಂಚೂರೂ ಇರಬಾರದು.

ಮುಂಭಾಗದಲ್ಲಿ ಕೆಳಗೆ 12 ಸೆಂ.ಮೀ. ಎತ್ತರದ ಗಾಜಿನ ಪಟ್ಟಿ ಕೂರಿಸಿ. ಮಣ್ಣು ಮುಂದೆ ಬರದಂತೆ ಅದು ತಡೆಯುತ್ತದೆ. ಅದರ ಮೇಲೆ ಎರಡು ಬೆರಳು ಅಗಲ ಜಾಲರಿ, ಆಮೇಲೆ ಬಾಗಿಲು, ಬಾಗಿಲ ಮೇಲೆ ಇನ್ನೊಂದು ಜಾಲರಿ ಪಟ್ಟಿ. ನೆತ್ತಿಯ ಗಾಜು ಕೊಯ್ದು ಕಿಟಕಿ ಮಾಡುವ ಸಾಹಸ ಬೇಡ. ಗಾಜು ಟೆಂಪರ್ ಮಾಡಿದ್ದಾಗಿದ್ದರೆ ಕಟರ್ ತಾಗಿಸಿದ ಕೂಡಲೇ ಪುಡಿಪುಡಿ. ಕಬ್ಬಿಣದ ಜಾಲರಿಯೂ ಬೇಡ. ತುಕ್ಕು ಹಿಡಿಯುತ್ತದೆ, ಕಪ್ಪೆ ಮೂಗು ಉಜ್ಜಿ ಗಾಯ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಗಿಡ ನೆಟ್ಟು ಮುಚ್ಚಿಟ್ಟ ಬಾಟಲಿ ವರ್ಷಗಟ್ಟಲೆ ನೀರಿಲ್ಲದೆ ಹಸಿರಾಗಿರುತ್ತದೆ. ಕಪ್ಪೆ ಪೆಟ್ಟಿಗೆಯನ್ನೂ ಬಿಗಿಯಾಗಿ ಮುಚ್ಚಿದರೆ ದಿನಾ ನೀರು ಸಿಂಪಡಿಸುವುದು ತಪ್ಪುತ್ತದೆ ಅಲ್ವಾ?

ಬಾಟಲಿಯ ಮಾತು ನಿಜ. ಅದರ ಕಥೆಯೂ ಚೆಂದ. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಪತಂಗ ಏನಾಗುತ್ತದೆ ಎಂದು ಕಾಯುತ್ತಿದ್ದವರಿಗೆ ಕಂಡದ್ದು ಮಣ್ಣಿನಿಂದ ಎದ್ದ ಒಂದು ಜರೀಗಿಡ, ಒಂದಿಷ್ಟು ಹುಲ್ಲು. ಹೊರಗೆ ಹೊಗೆ ತುಂಬಿದ ಊರಿನಲ್ಲಿ ಬದುಕದ ಜರೀಗಿಡ ಬಾಟಲಿಯೊಳಗೆ ಆರಾಮಾಗಿತ್ತು. 1833ರಲ್ಲಿ ಇಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಹಡಗು ಹತ್ತಿ ಸಿಡ್ನಿಗೆ ಹೋದವು. ಇವತ್ತು ನಾವು ಟೆರೇರಿಯಂ ಅನ್ನುವುದರ ಅಜ್ಜ ಅದು.

ಆದರೆ ಅದು ಗಿಡದ ಪೆಟ್ಟಿಗೆ. ಕಪ್ಪೆ ಹೇಲುತ್ತದೆ, ಉಚ್ಚೆ ಹೊಯ್ಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ನಿಂತ ಗಾಳಿಯಲ್ಲಿ ಸದಾ ಒದ್ದೆಯಾಗಿಟ್ಟರೆ ಚರ್ಮಕ್ಕೆ ಸೋಂಕು ತಗಲುತ್ತದೆ. ಮೇಲೆ ಹೇಳಿದ ಎರಡು ಜಾಲರಿ ಪಟ್ಟಿ ಅದಕ್ಕೇ. ಒಳಗಿನ ಬೆಚ್ಚಗಿನ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ, ಕೆಳಗಿನ ಪಟ್ಟಿಯಿಂದ ಹೊಸ ಗಾಳಿ ಬರುತ್ತದೆ. ಹಾಗೆ ಏರುವಾಗ ಬಾಗಿಲ ಗಾಜನ್ನು ಸವರಿಕೊಂಡು ಹೋಗುವುದರಿಂದ ಗಾಜಿಗೆ ಮಂಜು ಕಟ್ಟುವುದೂ ಕಡಿಮೆ. ಒಂದೇ ಕೆಲಸಕ್ಕೆ ಎರಡು ಲಾಭ.

ನೀರು ಸಿಂಪಡಿಸುವುದು ತಪ್ಪುವುದಿಲ್ಲ. ನಾನು ಸಂಜೆ ಒಂದು ಸಲ ಸಿಂಪಡಿಸುತ್ತೇನೆ, ಮಾರನೆಯ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಒಣಗಿರಬೇಕು. ಒಣಗದಿದ್ದರೆ ಗಾಳಿ ಸಾಲದು. ನಲ್ಲಿ ನೀರಿನ ಕ್ಲೋರಿನ್ ಕಪ್ಪೆಗೆ ಆಗುವುದಿಲ್ಲ. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೀನ್ ಬೆರೆಸಿದ ನೀರಾದರೆ ಹೀಗೆ ಒಂದೆರಡು ದಿನ ಇಟ್ಟರೆ ಹೋಗುವುದಿಲ್ಲ. ಅಕ್ವೇರಿಯಂನವರು ಬಳಸುವ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು.

ಪ್ರಶ್ನೆ: ಪೆಟ್ಟಿಗೆ ಮಾಡಿ ಎರಡು ತಿಂಗಳಾಯಿತು. ಕೆಳಗೆ ಚೆನ್ನಾಗಿರುವ ತೋಟದ ಮಣ್ಣೇ ಹಾಕಿದ್ದೆ. ಈಗ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಮನೆಯವರು ಕಪ್ಪೆಯನ್ನೇ ಬೈಯುತ್ತಿದ್ದಾರೆ.

ಕಪ್ಪೆಯನ್ನು ಬೈಯಬೇಡಿ ಅಂತ ಹೇಳಿ, ಪಾಪ. ವಾಸನೆ ಮಣ್ಣಿನದು. ಸಿಂಪಡಿಸಿದ ನೀರೆಲ್ಲ ಇಳಿದು ತಳದಲ್ಲಿ ನಿಂತಿದೆ. ಮಣ್ಣು ಮುಳುಗಿ ಗಾಳಿ ಆಡದಾದಾಗ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸೇರಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಗಾಜಿನ ಹೊರಗಿನಿಂದ ನೋಡಿ, ತಳದಲ್ಲಿ ಕಪ್ಪು ಪಟ್ಟೆ ಕಾಣಬಹುದು.

ಕಪ್ಪೆಯನ್ನು ಒದ್ದೆ ಪೇಪರ್ ಟವೆಲ್ ಹಾಸಿದ, ತೂತಿರುವ ಡಬ್ಬಿಗೆ ಬಿಟ್ಟು, ಎಲ್ಲ ತೆಗೆದು ಹೊಸದಾಗಿ ಶುರುಮಾಡಿ. ತಳಕ್ಕೆ ಐದು ಸೆಂ.ಮೀ. ಸುಟ್ಟ ಜೇಡಿಮಣ್ಣಿನ ಉಂಡೆಗಳು. ಹಗುರವಾಗಿರುತ್ತವೆ, ನಡುವೆ ನೀರು ನಿಲ್ಲಲು ಜಾಗ ಇರುತ್ತದೆ. ಜಲ್ಲಿಯೂ ಆಗುತ್ತದೆ, ಆದರೆ ಭಾರ ನೋಡಿಕೊಳ್ಳಿ. 5 ಮಿ.ಮೀ. ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆ. ದೊಡ್ಡ ಪೆಟ್ಟಿಗೆ ಬರಿದಾಗಿದ್ದಾಗಲೇ 15 ಕಿಲೋ ದಾಟುತ್ತದೆ. ಜಲ್ಲಿಯೂ ಸೇರಿದರೆ ಎತ್ತಲು ಇಬ್ಬರು ಬೇಕು. ಉಂಡೆಗಳ ಮೇಲೆ ಸೊಳ್ಳೆ ಜಾಲರಿಯ ತುಂಡನ್ನು ಅಂಚಿನವರೆಗೂ ಹಾಸಿ. ಇದನ್ನು ಬಿಟ್ಟರೆ ಮಣ್ಣು ಜಾರಿ ಉಂಡೆಗಳ ನಡುವೆ ತುಂಬಿಕೊಂಡು ಮತ್ತೆ ಅದೇ ಕಥೆ.

ಮೂಲೆಯಲ್ಲಿ ಒಂದು ಬೆರಳು ದಪ್ಪದ ಪ್ಲಾಸ್ಟಿಕ್ ಪೈಪನ್ನು ತಳ ಮುಟ್ಟುವಂತೆ ನಿಲ್ಲಿಸಿ. ನನ್ನ ಪೆಟ್ಟಿಗೆಯಲ್ಲಿ ನನಗೆ ಹೆಮ್ಮೆ ಇರುವುದು ಈ ಪೈಪಿನ ಬಗ್ಗೆ ಮಾತ್ರ. ಉಂಡೆಗಳ ಮಟ್ಟಕ್ಕೆ ನೀರು ಬಂತೆಂದರೆ ಪೈಪಿನೊಳಗೆ ಸಣ್ಣ ನಳಿಕೆ ಇಳಿಸಿ, ಸಿರಿಂಜಿನಲ್ಲಿ ಎಳೆದುಬಿಡುತ್ತೇನೆ. ಎಲೆ ಅಲುಗುವುದಿಲ್ಲ, ಕಪ್ಪೆಗೆ ನಿದ್ದೆ ಕೆಡುವುದಿಲ್ಲ. ಪೈಪಿನ ಬಾಯಿಗೆ ಬಿರಡೆ ಹಾಕುವುದನ್ನು ಮರೆಯಬೇಡಿ, ಹುಳಗಳು ಒಳಗೆ ಬಿದ್ದು ಸಾಯುತ್ತವೆ.

ಜಾಲರಿಯ ಮೇಲೆ ಆರೇಳು ಸೆಂ.ಮೀ. ಮಣ್ಣು. ಮಣ್ಣು ಅಂದೆ, ಆದರೆ ಮಣ್ಣಲ್ಲ. ತೆಂಗಿನ ನಾರಿನ ಪುಡಿ ಜಾಸ್ತಿ, ಮರದ ತೊಗಟೆಯ ಚೂರು ಸ್ವಲ್ಪ, ಒಂದು ಹಿಡಿ ಇದ್ದಿಲು. ಗೊಬ್ಬರದ ಕಾಳು ಇರುವ ಪಾಟಿಂಗ್ ಮಿಶ್ರಣ ಬೇಡವೇ ಬೇಡ. ಮೇಲೆ ಒಣ ಎಲೆ ಹಾಸಿ. ಕಪ್ಪೆ ಹುಳದ ಜೊತೆ ಸಿಕ್ಕಿದ್ದನ್ನೂ ನುಂಗುತ್ತದೆ. ಸಣ್ಣ ಕಲ್ಲು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಹೋಯಿತು. ಹಾಗಾಗಿ ಮೇಲ್ಭಾಗದಲ್ಲಿ ಕಪ್ಪೆಯ ಬಾಯಿ ಹಿಡಿಯುವ ಗಾತ್ರದ ಯಾವ ಕಲ್ಲೂ ಇರಬಾರದು.

ಕೊನೆಯಲ್ಲಿ ಜಾಡಮಾಲಿಗಳನ್ನು ಬಿಡಿ. ಸ್ಪ್ರಿಂಗ್‌ಟೇಲ್ ಎಂಬ ಬಿಳಿ ಚುಕ್ಕಿಯಂತಹ ಹುಳ ಬೂಷ್ಟು ತಿನ್ನುತ್ತದೆ. ಬೂದು ಬಣ್ಣದ ಐಸೊಪಾಡ್ ಕೊಳೆತ ಎಲೆ, ಹಿಕ್ಕೆ ತಿನ್ನುತ್ತದೆ. ಹೊಸ ಪೆಟ್ಟಿಗೆಯ ಮರದ ತುಂಡಿಗೆ ಮೊದಲ ವಾರಗಳಲ್ಲಿ ಬಿಳಿ ಬೂಷ್ಟು ಬಂದೇ ಬರುತ್ತದೆ. ಗಾಬರಿಯಾಗಿ ಔಷಧ ಹೊಡೆಯಬೇಡಿ, ಈ ಹುಳಗಳಿಗೆ ಅದೇ ಊಟ. ಗಿಡ, ಹುಳ ಎಲ್ಲ ಹೊಂದಿಕೊಳ್ಳಲು ಒಂದು ತಿಂಗಳು ಪೆಟ್ಟಿಗೆ ಖಾಲಿ ಇರಲಿ. ಜನಕ್ಕೆ ತಡೆಯಲಾಗದ್ದು ಈ ಒಂದು ತಿಂಗಳೇ. ಕಪ್ಪೆಯನ್ನು ಮೊದಲು ತಂದು ಪೆಟ್ಟಿಗೆಯನ್ನು ಆಮೇಲೆ ಮಾಡಲು ಕುಳಿತವರ ಪತ್ರಗಳೇ ನನಗೆ ಹೆಚ್ಚು.

ಪ್ರಶ್ನೆ: ಹಿಂಬದಿಗೆ ಫೋಮ್ ಊದಿಸಿ ಬಂಡೆಯ ಹಾಗೆ ಮಾಡುತ್ತಾರಲ್ಲ, ಅದು ಹೇಗೆ?

ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ, ಡಬ್ಬಿಯ ಫೋಮನ್ನು ತೆಳುವಾಗಿ ಹೊಡೆಯಿರಿ. ಒಣಗಿದ ಮೇಲೆ ಇನ್ನೊಂದು ಸುತ್ತು. ಒಂದೇ ಸಲ ಸುರಿದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ರಾತ್ರಿ ಮಲಗುವಾಗ ಚಪ್ಪಟೆಯಾಗಿದ್ದದ್ದು ಬೆಳಿಗ್ಗೆ ಅರ್ಧ ಪೆಟ್ಟಿಗೆ ತುಂಬಿ, ನಾನು ಇಟ್ಟಿದ್ದ ಪುಟ್ಟ ಕುಂಡವನ್ನು ನುಂಗಿತ್ತು. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಕೈಗೆ ಅಂಟಿದರೆ ಯಾವ ಸೋಪಿಗೂ ಬಗ್ಗದು. ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಬಂಡೆಯ ಆಕಾರಕ್ಕೆ ಕೆತ್ತಿ, ಸಿಲಿಕೋನ್ ಬಳಿದು, ಹಸಿಯಿರುವಾಗಲೇ ಒಣ ನಾರಿನ ಪುಡಿಯನ್ನು ಒತ್ತಿ. ಗಾಜಿಗೂ ಫೋಮಿಗೂ ನಡುವೆ ಸಂದು ಉಳಿಯಬಾರದು. ಕಪ್ಪೆ ತೂರಿದರೆ ತೆಗೆಯುವುದು ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ ಇಷ್ಟೆಲ್ಲ ಬೇಡ. ಒಂದು ಅಗಲವಾದ ಕಾರ್ಕ್ ತೊಗಟೆಯನ್ನು ಹಿಂದೆ ಅಂಟಿಸಿ. ಕಪ್ಪೆಗೆ ಅದೇ ಇಷ್ಟ.

ಪ್ರಶ್ನೆ: ದೀಪ, ಬಿಸಿ?

ಸಾದಾ ಎಲ್‌ಇಡಿ, ದಿನಕ್ಕೆ 12 ಗಂಟೆ, ಗಿಡಕ್ಕೋಸ್ಕರ. ಬಿಸಿಲು ನೇರ ಬೀಳುವ ಕಿಟಕಿಯ ಬಳಿ ಮಾತ್ರ ಇಡಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕುಳಿತ ಹಾಗಾಗುತ್ತದೆ. ಥರ್ಮಾಮೀಟರನ್ನು ಗೋಡೆಗಲ್ಲ, ಪೆಟ್ಟಿಗೆಯೊಳಗೆ ಇಡಿ.

ಪ್ರಶ್ನೆ: ಮಳೆ ಬಂದಾಗ ಹೊರಗೆ ಕಪ್ಪೆಗಳು ಎಷ್ಟೊಂದು. ಎರಡು ಹಿಡಿದು ತಂದರೆ ಆಗದೇ? ಬೇರೆ ಬೇರೆ ಜಾತಿ ಸೇರಿಸಿದರೆ ನೋಡಲು ಚೆಂದ ಅಲ್ವಾ?

ಎರಡೂ ಬೇಡ. ಹೊರಗಿನ ಕಪ್ಪೆ ಹೊರಗೇ ಇರಲಿ. ಹಿಡಿದು ತಂದದ್ದು ಹೆದರಿ ಊಟ ಬಿಡುತ್ತದೆ, ರೋಗವನ್ನೂ ತರುತ್ತದೆ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮವನ್ನೇ ಹಿಡಿಯುತ್ತದೆ. ಹಲವು ಖಂಡಗಳಲ್ಲಿ ಕಪ್ಪೆಗಳು ಗುಂಪುಗುಂಪಾಗಿ ಸತ್ತದ್ದಕ್ಕೆ ಅದೇ ಕಾರಣ ಎಂದು 1990ರ ದಶಕದ ಕೊನೆಗೆ ಗೊತ್ತಾಯಿತು. ಸಾಕಿದ ಕಪ್ಪೆಯನ್ನು ಹೊರಗೆ ಬಿಡುವುದೂ, ಪೆಟ್ಟಿಗೆಯ ನೀರನ್ನು ಕೆರೆಗೆ ಸುರಿಯುವುದೂ ಅಷ್ಟೇ ತಪ್ಪು. ಜಾತಿ ಸೇರಿಸುವ ಮಾತು: ದೊಡ್ಡದು ಚಿಕ್ಕದನ್ನು ತಿನ್ನುತ್ತದೆ. ತಿನ್ನದಿದ್ದರೂ ಒಂದರ ಚರ್ಮದ ವಿಷ ಇನ್ನೊಂದಕ್ಕೆ ಆಗದಿರಬಹುದು.

ಮೊದಲ ಸಲಕ್ಕೆ, ಸಾಕಿದಲ್ಲೇ ಮರಿಯಾದ ವೈಟ್ಸ್ ಮರಗಪ್ಪೆಯನ್ನೇ ಕಾನೂನು ಒಪ್ಪುವ ದಾರಿಯಲ್ಲಿ ಪಡೆಯಿರಿ. ಸಮಾಧಾನದ ಪ್ರಾಣಿ. 15 ವರ್ಷಕ್ಕೂ ಜಾಸ್ತಿ ಬದುಕಬಲ್ಲದು, ಅದನ್ನೂ ಯೋಚಿಸಿ. ಆಸ್ಟ್ರೇಲಿಯಾದ ಈ ಕಪ್ಪೆ ಹಸಿರು. ಆದರೆ 1790ರಲ್ಲಿ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ಸಿರೂಲಿಯಾ, ಅಂದರೆ ನೀಲಿ, ಎಂದಿದೆ. ದ್ರಾವಣದಲ್ಲಿ ಇಟ್ಟ ಕಪ್ಪೆಯ ಚರ್ಮದ ಹಳದಿ ಬಣ್ಣ ಕರಗಿ, ಉಳಿದ ನೀಲಿಯನ್ನೇ ನೋಡಿ ಹೆಸರಿಟ್ಟರು. ಪ್ರಯೋಗಾಲಯದ ಜಾಡಿಗಳ ನಡುವೆ ಕೆಲಸ ಮಾಡಿದವಳಿಗೆ ಇದು ಯಾಕೋ ಬಹಳ ಇಷ್ಟ.

ಪ್ರಶ್ನೆ: ನನಗೆ ಹತ್ತು ವರ್ಷ. ನಮ್ಮ ಕಪ್ಪೆ ಹಗಲೆಲ್ಲ ಕಾಣುವುದೇ ಇಲ್ಲ. ಎಲೆಗಳನ್ನೆಲ್ಲ ಕಿತ್ತು ಹಾಕೋಣ, ಆಗ ಕಾಣುತ್ತದೆ ಅಂತ ಅಣ್ಣ ಹೇಳುತ್ತಾನೆ. ಕೀಳಬಹುದಾ ಅಜ್ಜಿ?

ಬೇಡ ಪುಟ್ಟಾ. ಅದು ರಾತ್ರಿ ಎದ್ದಿರುವ ಪ್ರಾಣಿ. ಹಗಲು ಅದಕ್ಕೆ ರಾತ್ರಿ. ಬಚ್ಚಿಟ್ಟುಕೊಳ್ಳಲು ಜಾಗ ಇದ್ದರೆ ಧೈರ್ಯವಾಗಿ ಮಲಗುತ್ತದೆ, ಆಮೇಲೆ ಧೈರ್ಯವಾಗಿ ಹೊರಗೂ ಬರುತ್ತದೆ. ಎಲೆ ಕಿತ್ತರೆ ಹೆದರಿ ಗಾಜಿಗೆ ಹಾರಿ ಹಾರಿ ಮೂಗು ಕೆತ್ತಿಕೊಳ್ಳುತ್ತದೆ.

ರೂಮಿನ ದೊಡ್ಡ ದೀಪ ಆರಿಸಿ, ಮೂಲೆಯಲ್ಲಿ ಮಂದವಾದ ಒಂದು ದೀಪ ಇಟ್ಟು, ಅಣ್ಣನೂ ನೀನೂ ಅರ್ಧ ಗಂಟೆ ಸದ್ದಿಲ್ಲದೆ ಕುಳಿತುಕೊಳ್ಳಿ. ಆ ಹೊತ್ತಿಗೇ ಊಟ ಕೊಡಲು ಅಮ್ಮನಿಗೆ ಹೇಳು. ಹುಳ ಕಪ್ಪೆಯ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು. ವಾರದಲ್ಲಿ ಒಂದೆರಡು ಸಲ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡಬೇಕು. ನುಂಗುವಾಗ ಅದರ ಕಣ್ಣನ್ನು ನೋಡು. ಎರಡೂ ಕಣ್ಣು ಒಳಗೆ ಇಳಿದುಬಿಡುತ್ತವೆ. ಹುಳವನ್ನು ಗಂಟಲಿಗೆ ತಳ್ಳಲು ಕಣ್ಣುಗುಡ್ಡೆಯೂ ಸಹಾಯ ಮಾಡುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ನಮ್ಮ ಕಪ್ಪೆ ಗುಂಡ ಮನೆಗೆ ಬಂದ ಮೇಲೆ.

ರಾತ್ರಿಯೂ ಎರಡು ದಿನ ಕಾಣದಿದ್ದರೆ ಮಾತ್ರ ಹುಡುಕಿ. ಮೊದಲು ಬಾಗಿಲ ಸಂದು ನೋಡಿ, ಆಮೇಲೆ ಕುಂಡದ ಹಿಂದೆ. ಗುಂಡ ಒಂದು ಸಲ ನನ್ನ ಆ ಹೆಮ್ಮೆಯ ಪೈಪಿನ ಬಿರಡೆಯ ಮೇಲೇ ಕುಳಿತಿದ್ದ, ಎಲೆಯ ಮರೆಯಲ್ಲಿ. ಮನೆಯೆಲ್ಲ ಹುಡುಕಿದ್ದೆವು.